ಅರ್ಧಕ್ಕೆ ನಿಂತ ಗಿಟಾರ್



ಮನೆ ಆಶೀರ್ವಾದಕ್ಕೆಂದು ಧರ್ಮಕೇಂದ್ರದ ಕುಟುಂಬಗಳನ್ನು ಸಂದರ್ಶಿಸುವಾಗ ನನ್ನ ಕಣ್ಣು ತಾನಾಗಿಯೇ ಬೀರುವಿನ ಮೇಲ್ಭಾಗಕ್ಕೆ ಹೋಗುತ್ತದೆ. ಅನೇಕ ಮನೆಗಳಲ್ಲಿ ಅಲ್ಲೊಂದು ಕಪ್ಪು ಚೀಲ, ಚೀಲದ ಮೇಲೆ ಧೂಳು, ಚೀಲದೊಳಗೊಂದು ಗಿಟಾರ್. "ಯಾರು ನುಡಿಸುತ್ತಾರೆ?" ಎಂದು ಕೇಳಿದರೆ ತಾಯಿ ತುಸು ಸಂಕೋಚದಿಂದ, "ಮಗ ಎರಡು ವರ್ಷ ಕಲಿತ ಫಾದರ್. ಆಮೇಲೆ ಯಾಕೋ ಆಸಕ್ತಿ ಹೋಯಿತು" ಎನ್ನುತ್ತಾರೆ. ನಾನು ಒತ್ತಾಯಿಸಿದರೆ ಆ ಮಗ ಬಂದು, ಶ್ರುತಿ ಕೆಟ್ಟ ತಂತಿಗಳನ್ನು ಹೇಗೋ ಸರಿಪಡಿಸಿಕೊಂಡು, ಒಂದು ಕೃತಿಯನ್ನು ನುಡಿಸಿ ತೋರಿಸುತ್ತಾನೆ. ಬಹುತೇಕ ಎಲ್ಲ ಮನೆಗಳಲ್ಲೂ ಅದು ಒಂದೇ ಕೃತಿ. ಅದರಲ್ಲಿಯೂ ಮೊದಲ ಅರ್ಧ ಮಾತ್ರ.

ಆ ಕೃತಿಗೆ 'ರೊಮಾನ್ಸ್' ಎಂದು ಹೆಸರು. ಬರೆದವರು ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. 1952ರ ಒಂದು ಫ್ರೆಂಚ್ ಚಲನಚಿತ್ರಕ್ಕೆ ಸ್ಪೇನಿನ ನಾರ್ಸಿಸೊ ಯೆಪೆಸ್ ಅದನ್ನು ನುಡಿಸಿದ ಮೇಲೆ ಜಗತ್ತಿನ ಮೂಲೆಮೂಲೆಯ ಗಿಟಾರ್ ವಿದ್ಯಾರ್ಥಿಗಳ ಕೈಗೆ ಬಂತು. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಇ ಮೈನರ್‌ನಲ್ಲಿದೆ. ಆರಂಭದ ಸಾಲುಗಳಿಗೆ ಎಡಗೈಯ ಒಂದು ಬೆರಳು ಅತ್ತಿತ್ತ ಸರಿದರೂ ಸಾಕು, ಕೇಳುವವರ ಮನಸ್ಸು ಕರಗುತ್ತದೆ. ಎರಡನೆಯದು ಇ ಮೇಜರ್‌ನಲ್ಲಿದೆ. ಒಂದು ಶಾರ್ಪ್ ಇದ್ದ ಜಾಗದಲ್ಲಿ ನಾಲ್ಕು ಶಾರ್ಪ್‌ಗಳು ಬರುತ್ತವೆ. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿದು, ಅದೇ ಹೊತ್ತಿಗೆ ಕಿರುಬೆರಳನ್ನು ದೂರಕ್ಕೆ ಚಾಚಬೇಕಾಗುತ್ತದೆ. ಇಲ್ಲಿಗೆ ಬಂದಾಗ ಹುಡುಗ ನಿಲ್ಲುತ್ತಾನೆ. "ಮುಂದಿನದು ಮರೆತುಹೋಗಿದೆ ಫಾದರ್" ಎನ್ನುತ್ತಾನೆ. ಆತ ಮರೆತಿಲ್ಲ, ಆತ ಅದನ್ನು ಎಂದೂ ಕಲಿತಿರಲೇ ಇಲ್ಲ.

ಎರಡನೆಯ ಅರ್ಧಕ್ಕೆ ಮುನ್ನ ನಿಂತುಹೋದ ಈ ಮಕ್ಕಳ ಪರವಾಗಿ ನಾನು ಇಂದು ಬರೆಯುತ್ತಿದ್ದೇನೆ. "ಆಸಕ್ತಿ ಹೋಯಿತು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಸಕ್ತಿಯನ್ನು ಕಳೆದವರು ನಾವು: ತಂದೆತಾಯಂದಿರು, ಕಲಿಸುವವರು, ಮತ್ತು ಎಲ್ಲರಿಗಿಂತ ಹೆಚ್ಚಾಗಿ, ಮುಂದೆ ಹೇಳುವಂತೆ, ನನ್ನಂತಹ ಗುರುಗಳು.

ಮೊದಲಿಗೆ ಒಂದು ಸ್ಪಷ್ಟನೆ. ನಾನು ಹೇಳುತ್ತಿರುವುದು ಶಾಸ್ತ್ರೀಯ ಗಿಟಾರಿನ ವಿಚಾರ; ನೈಲಾನ್ ತಂತಿಗಳಿರುವ, ಬೆರಳುಗಳಿಂದಲೇ ಮೀಟುವ, ಸ್ವರಲಿಪಿಯನ್ನು ನೋಡಿ ಕಲಿಯುವ ವಾದ್ಯ. ಕಾರ್ಡ್ ಹಿಡಿದು ಹಾಡಿಗೆ ಜೊತೆಗೊಡುವುದೂ ಒಂದು ವಿದ್ಯೆಯೇ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದು ಬೇರೆ ವಿದ್ಯೆ. ಒಂದನ್ನು ಕಲಿಯಲು ಹೋದ ಮಗುವಿನಿಂದ ಇನ್ನೊಂದನ್ನು ನಿರೀಕ್ಷಿಸುವುದು ನಮ್ಮ ತಪ್ಪು.

ಶಾಸ್ತ್ರೀಯ ಗಿಟಾರಿನ ಮೊದಲ ವರ್ಷ ಸುಖದ ವರ್ಷ. ಪ್ರತಿ ವಾರವೂ ಒಂದು ಹೊಸ ಸ್ವರ, ಪ್ರತಿ ತಿಂಗಳೂ ಒಂದು ಹೊಸ ರಾಗ. ನೆಂಟರ ಮುಂದೆ ನುಡಿಸಿ ತೋರಿಸಬಹುದು. ನಿಜವಾದ ಕಲಿಕೆ ಆರಂಭವಾಗುವುದು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ, ಮತ್ತು ಅದು ಹೊರಗಿನವರ ಕಣ್ಣಿಗೆ ಹಿನ್ನಡೆಯಂತೆ ಕಾಣುತ್ತದೆ. ಆಗ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ತಂದೆತಾಯಂದಿರು ತಿಳಿಯಬೇಕು. ತಿಳಿಯದಿರುವುದೇ ಈ ಅನರ್ಥಕ್ಕೆ ಮೂಲ.

ಪಿಯಾನೋ ಅಥವಾ ಕೀಬೋರ್ಡಿನಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರಿನಲ್ಲಿ ಹಾಗಲ್ಲ. ಮೊದಲನೆಯ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಇ ಸ್ವರವನ್ನೇ ತೆಗೆದುಕೊಳ್ಳಿ. ಅದೇ ಸ್ವರ ಎರಡನೆಯ ತಂತಿಯ ಐದನೆಯ ಫ್ರೆಟ್‌ನಲ್ಲಿದೆ, ಮೂರನೆಯ ತಂತಿಯ ಒಂಬತ್ತನೆಯದರಲ್ಲಿದೆ, ನಾಲ್ಕನೆಯ ತಂತಿಯ ಹದಿನಾಲ್ಕನೆಯದರಲ್ಲಿಯೂ ಇದೆ. ಎತ್ತರ ಒಂದೇ, ನಾದದ ಬಣ್ಣ ಬೇರೆ ಬೇರೆ. ಕಾಗದದ ಮೇಲೆ ಒಂದು ಚುಕ್ಕೆಯನ್ನು ಕಂಡಾಗ ಅದನ್ನು ಎಲ್ಲಿ ಹಿಡಿಯಬೇಕು, ಯಾವ ಬೆರಳಿನಿಂದ ಹಿಡಿಯಬೇಕು, ಮುಂದಿನ ಸ್ವರಕ್ಕೆ ಅಲ್ಲಿಂದ ದಾರಿಯಿದೆಯೇ ಎಂದು ಮಗು ಪ್ರತಿ ಕ್ಷಣವೂ ನಿರ್ಧರಿಸಬೇಕು. ಮೊದಲ ವರ್ಷದಲ್ಲಿ ಎಲ್ಲವೂ ಕೆಳಗಿನ ಮೂರು ನಾಲ್ಕು ಫ್ರೆಟ್‌ಗಳಲ್ಲಿ ಮುಗಿಯುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಎರಡನೆಯ ಘಟ್ಟದಲ್ಲಿ ಅದು ಎದುರಾದಾಗ, ಅಕ್ಷರ ಬಲ್ಲ ಮಗು ಮತ್ತೊಮ್ಮೆ ಅಕ್ಷರಾಭ್ಯಾಸಕ್ಕೆ ಕುಳಿತಂತಾಗುತ್ತದೆ.

ಬಲಗೈಯದು ಇನ್ನೊಂದು ಕಥೆ. ಇಟಲಿಯ ಮತ್ತೆಯೊ ಕಾರ್ಕಾಸ್ಸಿ (1792–1853) ಬರೆದ 25 ಅಭ್ಯಾಸಗಳ ಸಂಗ್ರಹವೊಂದಿದೆ, ಓಪಸ್ 60. ಗಿಟಾರ್ ಕಲಿಯುವವರಲ್ಲಿ ಪ್ರಾಥಮಿಕ ಹಂತವನ್ನು ದಾಟಿದ ಬಹುಮಂದಿ ಈ ಬಾಗಿಲಿನಿಂದಲೇ ಒಳಬರುತ್ತಾರೆ. ಅದರ ಮೂರನೆಯ ಅಭ್ಯಾಸ ನೋಡಲು ಸರಳ: ತಂತಿಗಳನ್ನು ಒಂದರ ಹಿಂದೊಂದರಂತೆ ಮೀಟುತ್ತ ಹೋಗುವುದು. ಆದರೆ ಆ ಸ್ವರಗಳ ಸಾಲಿನಲ್ಲಿ ಒಂದು ಹಾಡು ಅಡಗಿದೆ. ಅದು ಉಂಗುರ ಬೆರಳಿನ ಪಾಲಿಗೆ ಬರುತ್ತದೆ, ಅಂದರೆ ಕೈಯ ಅತಿ ದುರ್ಬಲವಾದ, ಅತಿ ಅವಿಧೇಯ ಬೆರಳಿಗೆ. ಆ ಒಂದು ಬೆರಳು ತುಸು ಗಟ್ಟಿಯಾಗಿ, ಉಳಿದವು ಮೆತ್ತಗೆ, ಹೆಬ್ಬೆರಳಿನ ಮಂದ್ರ ಸ್ವರ ಅವುಗಳ ಕೆಳಗೆ ತಡೆಯಿಲ್ಲದೆ ಉಳಿಯುವಂತೆ ನುಡಿಸಬೇಕು. ಇದು ಬರಬೇಕಾದರೆ ಎರಡೇ ಸಾಲುಗಳನ್ನು ಹಿಡಿದುಕೊಂಡು, ಆಮೆಯ ವೇಗದಲ್ಲಿ, ವಾರಗಟ್ಟಲೆ ನುಡಿಸಬೇಕು. ವೇಗ ಕೊನೆಯಲ್ಲಿ ತಾನಾಗಿ ಬರುತ್ತದೆ. ವೇಗದಿಂದ ಆರಂಭಿಸಿದವನಿಗೆ ಬೇರೇನೂ ಬರುವುದಿಲ್ಲ.

ಈ ವಾರಗಳಲ್ಲಿಯೇ ಅಡುಗೆಮನೆಯಿಂದ ಒಂದು ದನಿ ಕೇಳಿಬರುತ್ತದೆ: "ಇನ್ನೂ ಅದೇನಾ?"

ಓದುಗರೇ, ಗಿಟಾರುಗಳನ್ನು ಬೀರುವಿನ ಮೇಲಕ್ಕೆ ಏರಿಸಿದ ಮಾತು ಇದು. ಅದನ್ನು ಆಡುವವರು ಕೆಟ್ಟವರಲ್ಲ. ಶುಲ್ಕ ಕಟ್ಟಿದ್ದಾರೆ, ಸಂಜೆಯ ಬಸ್ಸಿನಲ್ಲಿ ಮಗುವನ್ನು ಕರೆದೊಯ್ದಿದ್ದಾರೆ, ಎರಡು ತಿಂಗಳಾದರೂ ಹೊಸ ಹಾಡು ಬಂದಿಲ್ಲ. ಪಕ್ಕದ ಮನೆಯ ಮಗು ಕೀಬೋರ್ಡಿನಲ್ಲಿ ಸಿನಿಮಾ ಹಾಡು ನುಡಿಸುತ್ತಿದೆ. ಮರುದಿನ ಶಿಕ್ಷಕರಿಗೆ ದೂರವಾಣಿ ಹೋಗುತ್ತದೆ: "ಸರ್, ವಾರ್ಷಿಕೋತ್ಸವಕ್ಕೆ ಏನಾದರೂ ಹೇಳಿಕೊಡಿ." ಶಿಕ್ಷಕರೂ ಹೊಟ್ಟೆಪಾಡಿನವರು. ಅಭ್ಯಾಸದ ಪುಸ್ತಕ ಮುಚ್ಚುತ್ತದೆ, ಹೊಸ ಹಾಡು ಬರುತ್ತದೆ, ಅದೂ ಅರ್ಧಕ್ಕೆ.

ಇದೇ ಮನೆಯ ಮಗಳು ವೀಣೆ ಕಲಿಯಲು ಹೋದರೆ ನಾವು ಹೀಗೆ ಕೇಳುವುದಿಲ್ಲ ಎಂಬುದು ನನಗೆ ಸೋಜಿಗ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ಆಮೇಲೆ ವರ್ಣ. ವರ್ಣವನ್ನು ಒಂದನೆಯ ಕಾಲದಲ್ಲಿ, ಎರಡನೆಯ ಕಾಲದಲ್ಲಿ ಸಾಧನೆ ಮಾಡುವುದು. ಅದಕ್ಕೆ ವರ್ಷಗಳು ಹಿಡಿಯುತ್ತವೆ ಎಂಬುದನ್ನು ಈ ನಾಡಿನಲ್ಲಿ ಎಲ್ಲರೂ ಬಲ್ಲರು. ಗಿಟಾರ್ ಎಂದಾಕ್ಷಣ ಮಾತ್ರ ಅದು ಸುಲಭದ ವಾದ್ಯ, ಯುವಕರ ಆಟಿಕೆ ಎಂಬ ಭಾವನೆ ನಮಗೆ ಎಲ್ಲಿಂದ ಬಂತು?

ಪರೀಕ್ಷೆಗಳ ವಿಷಯಕ್ಕೆ ಬರುತ್ತೇನೆ. ಲಂಡನ್ನಿನ ಮಂಡಳಿಗಳು ನಡೆಸುವ ಶ್ರೇಣಿ ಪರೀಕ್ಷೆಗಳಿಗೆ ನಮ್ಮ ನಗರಗಳ ಮಕ್ಕಳು ಕುಳಿತುಕೊಳ್ಳುವುದು ಸಂತೋಷದ ಸಂಗತಿ. ಪರೀಕ್ಷೆಯಲ್ಲಿ ದೋಷವಿಲ್ಲ, ನಾವು ಅದನ್ನು ಬಳಸುವ ಬಗೆಯಲ್ಲಿದೆ. ಎ.ಬಿ.ಆರ್.ಎಸ್.ಎಂ. ಮಂಡಳಿಯು ಬಹುಕಾಲದಿಂದ ನಡೆಸಿಕೊಂಡು ಬಂದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಟ್ಟು 150 ಅಂಕಗಳು. ಅದರಲ್ಲಿ ಮೂರು ಕೃತಿಗಳಿಗೆ ತಲಾ 30ರಂತೆ 90, ಹೊಸ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸುವುದಕ್ಕೆ 21. ಉತ್ತೀರ್ಣರಾಗಲು 100 ಸಾಕು. ಲೆಕ್ಕ ಹಾಕಿ ನೋಡಿ: ಮೂರು ಕೃತಿಗಳನ್ನು ಚೆನ್ನಾಗಿ ಉರುಹೊಡೆದ ಮಗು, ಸ್ವರಲಿಪಿ ಓದುವಲ್ಲಿ ಎಡವಿದರೂ ಪ್ರಮಾಣಪತ್ರ ಪಡೆಯುತ್ತದೆ. ಹೀಗೆ ವರ್ಷಕ್ಕೆ ಮೂರೇ ಕೃತಿಗಳೆಂದು ಎಂಟು ಶ್ರೇಣಿಗಳನ್ನು ದಾಟಿದ ಯುವಕನಿಗೆ ಬರುವುದು 24 ಕೃತಿಗಳು. ಇಪ್ಪತ್ತೈದನೆಯದನ್ನು ಮುಂದಿಟ್ಟರೆ ಓದಲು ತಿಳಿಯದು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರ, ಬೀರುವಿನ ಮೇಲೆ ಗಿಟಾರ್. ಇಂತಹ ಮನೆಗಳನ್ನೂ ಕಂಡಿದ್ದೇನೆ.

ಇನ್ನು ನನ್ನ ಪಾಪನಿವೇದನೆ.

ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನಿದ್ದ. ಮೂರನೆಯ ವರ್ಷದ ಕಲಿಕೆ. ಕಾರ್ಕಾಸ್ಸಿಯ ಅದೇ ಮೂರನೆಯ ಅಭ್ಯಾಸವನ್ನು ಗುರುನಿವಾಸದ ವರಾಂಡದಲ್ಲಿ ಕುಳಿತು ಆತ ನುಡಿಸುವುದನ್ನು ಕೇಳಿದ್ದೆ. ಉಂಗುರ ಬೆರಳು ಆಗತಾನೆ ಮಾತು ಕೇಳತೊಡಗಿತ್ತು. ನನಗೋ, ಭಾನುವಾರದ ಎರಡನೆಯ ಬಲಿಪೂಜೆಗೆ ಗಾನವೃಂದದಲ್ಲಿ ಗಿಟಾರ್ ನುಡಿಸುವವರು ಬೇಕಾಗಿತ್ತು. ತಂದೆತಾಯಿಗಳನ್ನು ಕರೆದು ಹೇಳಿದೆ. ಗುರುಗಳ ಮಾತನ್ನು ಮೀರುವವರು ಯಾರು? ಹುಡುಗ ನಾಲ್ಕು ಕಾರ್ಡ್‌ಗಳನ್ನು ಒಂದೇ ವಾರದಲ್ಲಿ ಕಲಿತು ಬಂದ. ನೈಲಾನ್ ತಂತಿಯ ಸದ್ದು ಹಿಂದಿನ ಬೆಂಚಿನವರಿಗೆ ಕೇಳುವುದಿಲ್ಲವೆಂದು ಗಾನವೃಂದದ ಹಿರಿಯರು ದೂರಿದರು. ಉಕ್ಕಿನ ತಂತಿ ಹಾಕಿಸು ಎಂದವನು ನಾನೇ. ಬೆರಳು ನೋಯುತ್ತದೆ ಎಂದಾಗ ಪ್ಲಾಸ್ಟಿಕ್ ಪಿಕ್ ತಂದುಕೊಟ್ಟವನೂ ನಾನೇ.

ಶಾಸ್ತ್ರೀಯ ಗಿಟಾರಿನ ಮುಂಭಾಗದ ಹಲಗೆ ತೆಳುವಾದದ್ದು. ನೈಲಾನ್ ತಂತಿಗಳ ಮೃದು ಸೆಳೆತಕ್ಕೆ ತಕ್ಕಂತೆ ಅದನ್ನು ಕಟ್ಟಿರುತ್ತಾರೆ. ಉಕ್ಕಿನ ತಂತಿಗಳ ಸೆಳೆತ ಅದಕ್ಕಿಂತ ಬಹಳ ಹೆಚ್ಚು. ಕೆಲವು ತಿಂಗಳಲ್ಲಿ ಹಲಗೆ ಉಬ್ಬಿತು. ಒಂದು ಮಧ್ಯಾಹ್ನ ತಂತಿಗಳನ್ನು ಕಟ್ಟುವ ಬ್ರಿಡ್ಜ್ ಅಂಟು ಬಿಟ್ಟು ಸದ್ದುಮಾಡುತ್ತ ಎದ್ದುಬಂತು. ಅಷ್ಟು ಹೊತ್ತಿಗೆ ಹುಡುಗನ ಬಲಗೈಯೂ ಹಾಗೆಯೇ ಕೈಬಿಟ್ಟಿತ್ತು. ಅವನ ಶಿಕ್ಷಕರು ಒಂದು ದಿನ ಬಲಿಪೂಜೆಯ ನಂತರ ನಾನು ಪೂಜಾವಸ್ತ್ರ ಕಳಚುತ್ತಿದ್ದಾಗ ಬಂದು ಕೇಳಿದರು: "ಫಾದರ್, ನಾಲ್ಕು ಕಾರ್ಡಿಗೆ ನಿಮಗೆ ಬೇರೆ ಯಾರೂ ಸಿಗಲಿಲ್ಲವೇ?" ಅವರು ನಮ್ಮ ಧರ್ಮದವರೂ ಅಲ್ಲ, ನನ್ನ ಮೇಲೆ ಅವರಿಗೆ ಯಾವ ಹಂಗೂ ಇರಲಿಲ್ಲ, ಆದುದರಿಂದಲೇ ಸತ್ಯವನ್ನು ನೇರವಾಗಿ ಹೇಳಿದರು. ಆಗ ನನಗೆ ಕೋಪ ಬಂದಿತ್ತು. ದೇವರ ಸೇವೆಗಿಂತ ನಿಮ್ಮ ಅಭ್ಯಾಸ ದೊಡ್ಡದೇ ಎಂದು ಕೇಳಿದೆ. ಇಂದು ಆ ಪ್ರಶ್ನೆಯನ್ನು ನೆನೆದರೆ ನಾಚಿಕೆಯಾಗುತ್ತದೆ. ಹುಡುಗ ಹತ್ತನೆಯ ತರಗತಿಗೆ ಬಂದಾಗ ಗಾನವೃಂದವನ್ನೂ ಬಿಟ್ಟ, ಗಿಟಾರನ್ನೂ ಬಿಟ್ಟ.

ನಮ್ಮ ಗಾನವೃಂದಗಳನ್ನು ನಡೆಸುವ ಸೋದರ ಗುರುಗಳಿಗೆ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಪ್ರತಿ ಕ್ರಿಸ್ತಜಯಂತಿಗೂ ನಾವು ಹಾಡುವ 'ಸೈಲೆಂಟ್ ನೈಟ್' 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡೋರ್ಫ್ ಎಂಬ ಊರಿನ ಸಂತ ನಿಕೊಲಾಸರ ದೇವಾಲಯದಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಿತು. ಸ್ವರ ಹಾಕಿದವರು ಫ್ರಾನ್ಸ್ ಗ್ರೂಬರ್. ಪದಗಳನ್ನು ಬರೆದು ಗಿಟಾರ್ ನುಡಿಸಿದವರು ಸಹಾಯಕ ಗುರು ಯೋಸೆಫ್ ಮೋರ್. ಅಂದಿನ ಗಿಟಾರ್ ಇಂದಿನದಕ್ಕಿಂತ ಚಿಕ್ಕದು, ತಂತಿಗಳು ಪ್ರಾಣಿಗಳ ಕರುಳಿನಿಂದ ಮಾಡಿದವು. ನೈಲಾನ್ ತಂತಿ ಬಂದದ್ದು 1940ರ ದಶಕದಲ್ಲಿ. ಉಕ್ಕಿಲ್ಲ, ಧ್ವನಿವರ್ಧಕವಿಲ್ಲ. ಹಿಂದಿನ ಬೆಂಚಿಗೆ ಕೇಳಿಸಬೇಕೆಂದು ಮಗುವಿನ ವಾದ್ಯವನ್ನು ಕೆಡಿಸುವ ಬದಲು, ಮುಂದಿನ ಬೆಂಚಿನವರನ್ನು ಸ್ವಲ್ಪ ಸುಮ್ಮನಿರಿಸಬಹುದಲ್ಲವೇ?

"ಫಾದರ್, ನಮ್ಮ ಮಗ ಸಂಗೀತಗಾರನಾಗಬೇಕಾಗಿಲ್ಲ, ಇದು ಹವ್ಯಾಸ ತಾನೇ, ಇಷ್ಟು ಸಾಕು" ಎನ್ನುವವರಿದ್ದಾರೆ. ಬಹಳ ಸಜ್ಜನಿಕೆಯ ವಾದವಿದು. ಅದಕ್ಕೆಂದೇ ಇದರ ಮೇಲೆ ನನಗೆ ಹೆಚ್ಚಿನ ಸಿಟ್ಟು. ವೃತ್ತಿಯಾಗಿ ನುಡಿಸುವವನಿಗೆ ಹಣವಾದರೂ ಬರುತ್ತದೆ, ಚಪ್ಪಾಳೆಯಾದರೂ ಸಿಗುತ್ತದೆ. ಹವ್ಯಾಸಿಗೆ ನಾದವೊಂದೇ ಸಂಬಳ. ಆ ನಾದವೂ ಕೈಗೆ ಸಿಗದ ಹಂತದಲ್ಲಿ ಅವನನ್ನು ನಿಲ್ಲಿಸಿದರೆ ಅವನಿಗೆ ಉಳಿಯುವುದೇನು? ಅರ್ಧ ರೊಮಾನ್ಸ್ ಎಷ್ಟು ದಿನ ಸುಖ ಕೊಟ್ಟೀತು? ಆಸಕ್ತಿ ಹೋಗದೆ ಮತ್ತೇನಾಗಬೇಕು?

ಆ ಸುಖ ಎಲ್ಲಿದೆ ಎಂದು ತಿಳಿಯಬೇಕಾದರೆ ಫೆರ್ನಾಂದೊ ಸೋರ್ ಅವರ ಹತ್ತಿರ ಹೋಗಬೇಕು. 1778ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ 1839ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡವರು. ಬಾಲಕನಾಗಿದ್ದಾಗ ಮೋಂತ್ಸೆರಾತ್ ಬೆಟ್ಟದ ಬೆನೆಡಿಕ್ಟೈನ್ ಮಠದ ಗಾಯನಶಾಲೆಯಲ್ಲಿ ಕಲಿತರು. ಮಠದ ಹಾಡುಗಾರಿಕೆಯ ಛಾಪು ಅವರ ಗಿಟಾರ್ ಅಭ್ಯಾಸಗಳಲ್ಲಿ ಕೊನೆಯವರೆಗೂ ಉಳಿದಿದೆ ಎಂದು ನನಗೆ ತೋರುತ್ತದೆ. ಅವರ ಬರವಣಿಗೆಯಲ್ಲಿ ಗಿಟಾರ್ ಒಂದು ಪುಟ್ಟ ಗಾನವೃಂದ: ಹೆಬ್ಬೆರಳಿನದು ಗಂಡಸರ ಮಂದ್ರ ದನಿ, ಮೇಲಿನದು ಮಕ್ಕಳ ದನಿ, ನಡುವೆ ಒಂದೋ ಎರಡೋ ದನಿಗಳು ತಮ್ಮ ಪಾಡಿಗೆ ತಾವು ನಡೆಯುತ್ತಿರುತ್ತವೆ. ಓಪಸ್ 35ರ 22ನೆಯ ಅಭ್ಯಾಸ, ಬಿ ಮೈನರ್‌ನಲ್ಲಿರುವುದು, ಇದಕ್ಕೆ ಒಳ್ಳೆಯ ಉದಾಹರಣೆ. 1945ರಲ್ಲಿ ಆಂದ್ರೆಸ್ ಸೆಗೋವಿಯಾ ಸೋರ್ ಅವರ 20 ಅಭ್ಯಾಸಗಳನ್ನು ಆರಿಸಿ ಪ್ರಕಟಿಸಿದಾಗ ಅದಕ್ಕೆ ಐದನೆಯ ಸ್ಥಾನ ಕೊಟ್ಟರು. ಸ್ವರಗಳೆಲ್ಲ ಒಂದೇ ಸಮನೆ ಹರಿಯುತ್ತಿರುವಂತೆ ಕಾಣುತ್ತದೆ. ಹಾಡು ಯಾವ ಸ್ವರಗಳಲ್ಲಿದೆ ಎಂಬುದನ್ನು ಮೊದಲು ಕಿವಿ ಹುಡುಕಬೇಕು, ಆಮೇಲೆ ಬೆರಳು ಅದನ್ನು ಉಳಿದವುಗಳಿಂದ ಮೇಲೆತ್ತಬೇಕು. ಹಾಗೆ ಎತ್ತಿದ ದಿನ, ಕೋಣೆಯಲ್ಲಿ ಇಬ್ಬರು ನುಡಿಸುತ್ತಿರುವಂತೆ ಕೇಳಿಸುತ್ತದೆ. ಒಮ್ಮೆ ಇದನ್ನು ತನ್ನ ಕೈಯಿಂದಲೇ ಕೇಳಿದ ಮಗು ಗಿಟಾರನ್ನು ಬೀರುವಿನ ಮೇಲೆ ಇಡುವುದಿಲ್ಲ. ಅಲ್ಲಿಯವರೆಗೆ ಅದನ್ನು ತಲುಪಿಸುವುದಷ್ಟೇ ನಮ್ಮ ಕೆಲಸ. ಅದಕ್ಕೆ ಬಹುಶಃ ಇನ್ನೆರಡು ವರ್ಷಗಳು ಬೇಕು.

ಉಗುರುಗಳ ಬಗ್ಗೆ ಒಂದು ಮಾತು, ಏಕೆಂದರೆ ಇದರ ಸಲುವಾಗಿ ಮನೆಗಳಲ್ಲಿ ಜಗಳ ಆಗುತ್ತದೆ. ಎಡಗೈಯ ಉಗುರು ಕತ್ತರಿಸಿರಬೇಕು, ಬಲಗೈಯದು ತುಸು ಬೆಳೆದಿರಬೇಕು ಎಂದು ಶಿಕ್ಷಕರು ಹೇಳುತ್ತಾರೆ. ಸೋಮವಾರ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಅದೇ ಉಗುರಿಗೆ ಬೆತ್ತದ ಹೆದರಿಕೆ. ಸೋರ್ ಉಗುರಿಲ್ಲದೆ, ಬೆರಳಿನ ಮಾಂಸದಿಂದಲೇ ಮೀಟುತ್ತಿದ್ದರು. ಅವರ ಗೆಳೆಯ ದಿಯೊನೀಸಿಯೊ ಅಗ್ವಾದೊ ಉಗುರಿನಿಂದ ಮೀಟುತ್ತಿದ್ದರು. ಇಬ್ಬರೂ ಜಗಳವಾಡದೆ ಒಟ್ಟಿಗೆ ನುಡಿಸಲೆಂದು ಸೋರ್ 'ಇಬ್ಬರು ಗೆಳೆಯರು' ಎಂಬ ಅರ್ಥದ ಹೆಸರಿನ ಯುಗಳವನ್ನೇ ಬರೆದರು. ಆದುದರಿಂದ ಉಗುರಿನ ನೆಪದಲ್ಲಿ ಪಾಠ ಬಿಡಿಸಬೇಡಿ. ಶಾಲೆಗೆ ಒಂದು ಚೀಟಿ ಬರೆದುಕೊಡಿ, ಅದೂ ಆಗದಿದ್ದರೆ ಸೋರ್ ಅವರ ದಾರಿ ಇದ್ದೇ ಇದೆ.

ನನ್ನನ್ನು ಕೇಳಿದರೆ, ಎರಡನೆಯ ವರ್ಷ ಮುಗಿಸಿದ ಮಗುವಿಗೆ ದಿನಕ್ಕೆ ನಲವತ್ತು ನಿಮಿಷ ಸಾಕು. ಆ ನಲವತ್ತು ನಿಮಿಷ ದೂರದರ್ಶನ ಆರಿಸಿರಬೇಕು, ಮನೆಯವರೊಬ್ಬರು ಒಂದೈದು ನಿಮಿಷವಾದರೂ ಪಕ್ಕದಲ್ಲಿ ಕುಳಿತಿರಬೇಕು. ಸಂಗೀತ ತಿಳಿಯದ ತಂದೆಯೂ ಕೇಳಬಲ್ಲ: ನಿನ್ನೆ ತಡವರಿಸಿದ ಜಾಗದಲ್ಲಿ ಇಂದು ತಡವರಿಸಿತೇ ಇಲ್ಲವೇ ಎಂಬುದಕ್ಕೆ ಸ್ವರಜ್ಞಾನ ಬೇಕಾಗಿಲ್ಲ. "ಇನ್ನೂ ಅದೇನಾ?" ಎನ್ನುವ ಬದಲು "ಆ ಜಾಗ ಇನ್ನೊಂದು ಸಲ ನುಡಿಸು" ಎಂದು ನೋಡಿ. ಶಿಕ್ಷಕರು ಈ ತಿಂಗಳು ಹೊಸ ಕೃತಿ ಕೊಡುವುದಿಲ್ಲ ಎಂದರೆ ಶುಲ್ಕ ಕೊಟ್ಟು, ಧನ್ಯವಾದ ಹೇಳಿ ಬನ್ನಿ. ನಿಮಗೆ ಒಳ್ಳೆಯ ಶಿಕ್ಷಕರು ಸಿಕ್ಕಿದ್ದಾರೆ. ಯೂಟ್ಯೂಬಿನಲ್ಲಿ ತಾರ್ರೆಗಾ ಅವರ 'ರೆಕ್ಯುಯೆರ್ದೋಸ್ ದೆ ಲಾ ಅಲಾಂಬ್ರಾ' ಕೇಳಿ ಬಂದ ಮಗು ಮರುದಿನವೇ ಅದನ್ನು ಕಲಿಸಿ ಎಂದು ಹಟ ಹಿಡಿದರೆ, ಬೈಯಬೇಡಿ. ಆ ಕೃತಿಯಲ್ಲಿ ಹೆಬ್ಬೆರಳಿನ ಹಿಂದೆ ಉಂಗುರ ಬೆರಳು, ನಡುಬೆರಳು, ತೋರುಬೆರಳು ಒಂದೇ ತಂತಿಯ ಮೇಲೆ ಮಳೆಹನಿಗಳಂತೆ ಬೀಳುತ್ತವೆ. ಅದಕ್ಕೆ ಹೋಗುವ ದಾರಿಯೂ ಕಾರ್ಕಾಸ್ಸಿಯ ಅದೇ ಪುಸ್ತಕದ ಮೂಲಕವೇ ಎಂದು ತಿಳಿಸಿ. ಅದರ ಏಳನೆಯ ಅಭ್ಯಾಸವನ್ನು ತೋರಿಸಿ.

ನಾನು ಗುರುಮಠದಲ್ಲಿದ್ದಾಗ ರೊಮಾನ್ಸ್‌ನ ಮೊದಲ ಅರ್ಧ ಕಲಿತವನು. ಮೂವತ್ತು ವರ್ಷ ಹಬ್ಬದ ಊಟಗಳಲ್ಲಿ, ಗುರುಗಳ ಕೂಟಗಳಲ್ಲಿ ಆ ಅರ್ಧವನ್ನೇ ನುಡಿಸಿ ಚಪ್ಪಾಳೆ ಪಡೆದೆ. ಐವತ್ತು ದಾಟಿದ ಮೇಲೆ ಎರಡನೆಯ ಅರ್ಧಕ್ಕೆ ಕೈಹಾಕಿದೆ. ಒಂದು ಮಳೆಗಾಲ ಪೂರ್ತಿ ನಾಲ್ಕು ಸಾಲುಗಳಲ್ಲಿ ಕಳೆಯಿತು. ಬೆರಳಿನ ಬಲದಿಂದ ಒತ್ತುತ್ತಿದ್ದೆ. ತೋಳಿನ ಭಾರವನ್ನು ಹಿಂದಕ್ಕೆ ಬಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಹುಶಃ ಹೇಳಿಕೊಡುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಈಗ ಕೊನೆಯ ಸಾಲಿನವರೆಗೆ ಬರುತ್ತೇನೆ, ಎರಡು ಕಡೆ ಎಡವಿ. ನಮ್ಮ ಅಡುಗೆಯವರು ಮೊನ್ನೆ ಕೇಳಿದರು: "ಫಾದರ್, ಇದು ಹೊಸ ಹಾಡೇ?"

ಆ ಹುಡುಗನ ಗಿಟಾರ್ ಈಗ ನನ್ನ ಬಳಿಯಿದೆ. ಮನೆ ಬದಲಾಯಿಸುವಾಗ ಅವನ ತಾಯಿ ಕೊಟ್ಟುಹೋದರು. ಬ್ರಿಡ್ಜ್ ಮತ್ತೆ ಅಂಟಿಸಿದ್ದೇನೆ, ಹಲಗೆಯ ಉಬ್ಬು ಪೂರ್ತಿ ಇಳಿದಿಲ್ಲ, ಆದರೂ ನಾದ ಚೆನ್ನಾಗಿದೆ. ಹೊಸ ನೈಲಾನ್ ತಂತಿಗಳಿವೆ. ಎರಡು ವರ್ಷದ ಕಲಿಕೆ ಮುಗಿಸಿ, ಸ್ವಂತ ವಾದ್ಯವಿಲ್ಲದೆ ನಿಂತಿರುವ ಮಗು ನಮ್ಮ ಧರ್ಮಕೇಂದ್ರದಲ್ಲಿದ್ದರೆ ತಂದೆತಾಯಿ ಗುರುನಿವಾಸಕ್ಕೆ ಬಂದು ಒಯ್ಯಬಹುದು. ಹಿಂದಿರುಗಿಸುವ ದಿನಾಂಕವಿಲ್ಲ. ಉಕ್ಕಿನ ತಂತಿ ಹಾಕುವಂತಿಲ್ಲ. ನಾನೇ ಬಂದು ಕೇಳಿದರೂ ಹಾಕುವಂತಿಲ್ಲ.